ಮಾನ್ವಿ ಬಸ್ಸಿನಲ್ಲಿ ತಿದ್ದಿದ ಅಧ್ಯಾಯ

ನಮ್ಮ ಗೈಡ್ ಮೇಡಂ ಅವರ ಬಲಗಿವಿ ಮಂದ. ಯಾರು ಮಾತಾಡಿದರೂ ಕತ್ತು ಹೊರಳಿಸಿ, ಎಡಗಿವಿಯ ದಪ್ಪ ಬೆಂಡೋಲೆಯನ್ನು ಮುಂದೆ ಮಾಡುತ್ತಿದ್ದರು. ಪಿಎಚ್‌.ಡಿ. ಮಾಡಿದ ಅಷ್ಟೂ ವರ್ಷ ನಾನು ಆ ಬೆಂಡೋಲೆಗೇ ಓದಿ ಹೇಳಿದ್ದೇನೆ.

ಓದುತ್ತಿದ್ದುದು ಬಸ್ಸಿನಲ್ಲಿ. ಮೇಡಂ ದಿನಾ ಮಾನ್ವಿಯಿಂದ ರಾಯಚೂರಿಗೆ ಬಂದುಹೋಗುವವರು. ವಿಭಾಗದಲ್ಲಿ ಅವರಿಗೆ ಪುರಸೊತ್ತು ಎಲ್ಲಿಯದು? ಸಂಜೆ ಅವರ ಎಡಕ್ಕೆ ಕೂತು ಮಾನ್ವಿವರೆಗೂ ಓದುತ್ತಾ ಹೋಗಿ, ಮರುಬಸ್ಸಿಗೆ ನಾನು ಹಾಸ್ಟೆಲ್ ಸೇರುತ್ತಿದ್ದೆ.

ನನ್ನ ವಿಷಯ ದೇವದುರ್ಗ ತಾಲೂಕಿನಿಂದ ಕೂಲಿಗಾಗಿ ದೂರದೂರಿಗೆ ಗುಳೆ ಹೋಗುವ ಹೆಣ್ಣುಮಕ್ಕಳು. ಗಬ್ಬೂರಿನ ನನ್ನ ಅವ್ವನೂ ಹಾಗೆ ಹೋಗಿಬಂದವಳೇ. ಆದರೂ ನಾನು ಬರೆದದ್ದು ‘ಋತುಮಾನಾಧಾರಿತ ಶ್ರಮವಲಸೆಯ ಬಹುಆಯಾಮಿ ಸ್ವರೂಪ’. ದೊಡ್ಡ ಪದ ಹಾಕಿದರೆ ನಾಲ್ಕು ಜನ ಗೌರವ ಕೊಡುತ್ತಾರೆಂಬ ಹುಚ್ಚು. ಕೂಲಿಯವರ ಮಗಳಿಗೆ ಅದು ತುಸು ಜಾಸ್ತಿಯೇ ಇರುತ್ತದೆ. ಏನೂ ಅರ್ಥವಾಗಲಿಲ್ಲವೆಂದು ಸಂಶೋಧನಾ ಸಮಿತಿ ಅಧ್ಯಾಯವನ್ನು ಹಿಂದಕ್ಕೆ ಕಳಿಸಿತು. ಮತ್ತೊಮ್ಮೆ ಹಿಂದೆ ಬಂದರೆ ನೋಂದಣಿಯೇ ರದ್ದು. ನಾನು ಬಸ್ಸಿನಲ್ಲೇ ಅತ್ತುಬಿಟ್ಟೆ.

“ಅಳೋದು ಆಮ್ಯಾಲೆ. ಮೊದಲು ಓದು” ಎಂದರು ಮೇಡಂ.

ಓದಿದೆ. ಮುಂದಿನ ಸೀಟಿನ ಹೆಂಗಸು ಒಮ್ಮೆ ತಿರುಗಿ ನೋಡಿ, ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು.

“ನೋಡಿದಿ? ಎರಡನೇ ವಾಕ್ಯಕ್ಕ ಆಕಿ ಮಕ್ಕೊಂಡ್ಳು. ನಾನೂ ಮಕ್ಕೊಂತಿದ್ದೆ, ಸಂಬಳ ತಗೊಂತೀನಂತ ಎದ್ದು ಕೂತೀನಿ.”

ನನಗೆ ಸಿಟ್ಟು ಬಂತು. “ಇದು ಬಸ್ಸಿನ ಮಂದಿಗಿ ಬರದದ್ದಲ್ಲ ರೀ ಮೇಡಂ.”

“ಮತ್ತ ಯಾರ ಮಾರಿ ನೋಡಿ ಬರದಿ? ಅದನ್ನಾರ ಹೇಳು.”

ಬರೆಯುವಾಗ ಯಾರ ಮುಖವೂ ನನ್ನ ಕಣ್ಣ ಮುಂದೆ ಇರಲಿಲ್ಲ.

ಅಂದಿನಿಂದ ಸಂಜೆಗೊಂದು ಪುಟ. ಅವರು ಪೆನ್ನು ಮುಟ್ಟುತ್ತಿರಲಿಲ್ಲ. “ಇಲ್ಲಿ ಯಾರು ಹೋದ್ರು? ಯಾಕ ಹೋದ್ರು?” ಎಂದಷ್ಟೇ ಕೇಳುತ್ತಿದ್ದರು. ವಾಕ್ಯದಲ್ಲಿ ಮನುಷ್ಯರು ಕಾಣದಿದ್ದರೆ ಮರುದಿನ ಮತ್ತೆ ಅದೇ ಪುಟ. ‘ವಲಸೆ ಸಂಭವಿಸುತ್ತದೆ’ ಎಂಬುದು ಹೋಗಿ, ‘ಸುಗ್ಗಿ ರಾಶಿ ಮುಗಿದ ಮೇಲೆ ಹೆಂಗಸರು ಹೊರಡುತ್ತಾರೆ. ಮೊಲೆ ಬಿಡದ ಕೂಸು ಜೊತೆಗೆ, ಶಾಲೆಗೆ ಹೋಗುವವರು ಅಜ್ಜಿಯ ಹತ್ತಿರ’ ಎಂದು ಬರುವ ಹೊತ್ತಿಗೆ ನಾನು ಹಣ್ಣಾಗಿದ್ದೆ. ಅದನ್ನು ಓದುತ್ತಿದ್ದಾಗಲೇ ಹಿಂದಿನ ಸೀಟಿನಲ್ಲೊಬ್ಬಳು ಗಾಬರಿಯಿಂದ ಎದ್ದಳು.

“ಅಯ್ಯ, ಕಲ್ಲೂರು ಹಿಂದ ಹೋತಲ್ಲ. ಇವರ ಮಾತು ಕೇಳಕೊಂತ ಕೂತೆ ನೋಡ್ರಿ.”

ಕಂಡಕ್ಟರು ಗೊಣಗುತ್ತಲೇ ಸೀಟಿ ಊದಿದ. ಮೇಡಂ ಅವಳ ಚೀಲ ಇಳಿಸಿಕೊಟ್ಟು ಬಂದು ಕೂತು ಹೇಳಿದರು: “ಈಗ ಸಮಿತಿಗಿ ಕಳಸು.”

ಸಮಿತಿ ಒಪ್ಪಿತು. ಡಾಕ್ಟರೇಟೂ ಬಂತು, ಅದೇ ವಿಭಾಗದಲ್ಲಿ ನೌಕರಿಯೂ ಬಂತು.

ಮೇಡಂ ಹೋದ ವರ್ಷ ತೀರಿಕೊಂಡರು. ವಿಭಾಗದ ಶ್ರದ್ಧಾಂಜಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದುಃಖದಲ್ಲಿ ಕೈ ಹಳೇ ಚಾಳಿಗೆ ಬಿದ್ದು ‘ಶೈಕ್ಷಣಿಕ ವಲಯಕ್ಕೆ ತುಂಬಲಾರದ ನಷ್ಟ’ ಎಂದೇ ಬರೆದುಕೊಂಡು ಹೋಗಿದ್ದೆ. ಸಭೆಯಲ್ಲಿ ನೋಡಿದರೆ, ಊರು ಬಾಗಲವಾಡದಿಂದ ಮೇಡಂ ಅವರ ತಾಯಿಯನ್ನು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದ್ದಾರೆ. ಕುರಿ ಕಾಯ್ದು ಮಗಳನ್ನು ಓದಿಸಿದ ಮುದುಕಿ. ನಾಲ್ಕು ಜನ ದೊಡ್ಡ ದೊಡ್ಡ ಮಾತಾಡಿ ಇಳಿದರು; ಆಕೆ ಸುಮ್ಮನೆ ನೆಲ ನೋಡುತ್ತಿದ್ದಳು.

ನನ್ನ ಸರದಿ ಬಂದಾಗ ಬರೆದದ್ದನ್ನು ಕುರ್ಚಿಯ ಮೇಲೇ ಬಿಟ್ಟು, ಮೈಕಿನ ಬಳಿ ಹೋಗದೆ ಆಕೆಯ ಮುಂದೆ ಕೂತೆ.

“ಯವ್ವಾ, ನಿನ್ನ ಮಗಳು ನನಗ ಬರಿಯಾಕ ಕಲಿಸಿದ್ರು.”

ಮುದುಕಿ ತಲೆಯೆತ್ತಿ ನನ್ನ ಕೈ ಹಿಡಿದುಕೊಂಡಳು.

“ಹೆಂಗ ಕಲಿಸಿದ್ಳು? ಹೇಳವ್ವಾ.”