ಚಕ್ರ ಹತ್ತದ ನಿಂಬೆಹಣ್ಣು

ಕಳೆದ ವಾರ, ಅಮೆರಿಕದಲ್ಲಿ ನಾನೀಗ ಇರುವ ಊರು ಮನ್ರೋದ ದಿನಸಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಯಾರದೋ ಚೀಲದಿಂದ ಜಾರಿದ ನಿಂಬೆಹಣ್ಣೊಂದು ಉರುಳುತ್ತಾ ಹೋಗಿ, ಹಿಂದಕ್ಕೆ ಬರುತ್ತಿದ್ದ ವ್ಯಾನಿನ ಚಕ್ರಕ್ಕೆ ಸಿಕ್ಕಿತು. ಚಟ್ ಎಂದಿತು, ಅಷ್ಟೇ. ಬಿಸಿಲಿಗೆ ಕಾದ ಟಾರಿನ ವಾಸನೆ, ವ್ಯಾನಿನ ಹೊಗೆ, ಅವೆರಡರ ನಡುವೆ ಆ ಸಿಪ್ಪೆಯ ಘಮ. ನಾನು ಕಾರ್ಟ್ ಹಿಡಿದುಕೊಂಡು ನಿಂತೇಬಿಟ್ಟೆ. ನಿಮಗೂ ಹೀಗೊಂದು ವಾಸನೆ ಇದ್ದೇ ಇರುತ್ತದೆ. ಅದು ಮೂಗಿಗೆ ಬಿದ್ದರೆ ಸಾಕು, ಈಗ ಬೇರೆ ಯಾರೋ ಇರುವ ಮನೆಯ ಬಾಗಿಲು ನಿಮಗಾಗಿ ತೆರೆದುಕೊಳ್ಳುತ್ತದೆ. ನನಗೆ ತೆರೆದುಕೊಂಡದ್ದು ಎಡಿಸನ್ ಊರಿನ ನಮ್ಮ ಹಳೆಯ ಮನೆಯ ಗ್ಯಾರೇಜು.

ನನಗೆ ಆರು ವರ್ಷವಾಗಿದ್ದಾಗ ಆ ಗ್ಯಾರೇಜಿಗೆ ಟ್ರಕ್ಕಿನ ಮೇಲೆ ಒಂದು ಕಾರು ಬಂದಿತ್ತು. ಎರಡೇ ಬಾಗಿಲು, ಉದ್ದನೆಯ ಮೂತಿ, ಎಂಟು ಸಿಲಿಂಡರಿನ ಎಂಜಿನ್. ಆದರೆ ಎಂಜಿನ್ ಬಂದದ್ದು ಬೇರೆಯಾಗಿ, ಮರದ ಪೆಟ್ಟಿಗೆಯಲ್ಲಿ. ನೆಲದ ತಗಡು ತುಕ್ಕು ತಿಂದು ತೂತಾಗಿ, ಸೀಟಿನ ಕೆಳಗೆ ಇಣುಕಿದರೆ ಸಿಮೆಂಟು ಕಾಣುತ್ತಿತ್ತು. ಮೈಸೂರಿನಲ್ಲಿ ಹೈಸ್ಕೂಲು ಓದುವಾಗ ಕ್ಷೌರದಂಗಡಿಯ ಹಳೆಯ ಅಮೆರಿಕನ್ ಮ್ಯಾಗಜೀನಿನಲ್ಲಿ ಇಂಥದೇ ಕಾರಿನ ಚಿತ್ರ ನೋಡಿ, ಅಪ್ಪ ತಮ್ಮ ಸರದಿ ಬಂದರೂ ಏಳದೆ ಕೂತಿದ್ದರಂತೆ. ವಾರವೆಲ್ಲ ಅವರು ಬೆಳಗಿನ ಟ್ರೈನು ಹಿಡಿದು ನ್ಯೂಯಾರ್ಕಿನ ಆಫೀಸಿಗೆ ಹೋಗಿಬರುತ್ತಿದ್ದರು. ಶನಿವಾರ ಬಂತೆಂದರೆ ಬಿಳಿ ಬನಿಯನ್ನು, ಹಳೆಯ ಪ್ಯಾಂಟು, ಕೈಗೆ ಗ್ರೀಸು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಅಮ್ಮನ ಖಾಲಿ ಉಪ್ಪಿನಕಾಯಿ ಬಾಟಲಿಗಳಲ್ಲಿ ತುಂಬಿ, ‘ಎಡ ಬಾಗಿಲು’, ‘ಮುಂದಿನ ಬ್ರೇಕು’ ಎಂದು ಗುಂಡಗೆ ಬರೆದು ಅಂಟಿಸುತ್ತಿದ್ದರು. ಎಷ್ಟು ತೊಳೆದರೂ ಆ ಬೋಲ್ಟುಗಳಿಗೆ ಇಂಗಿನ ವಾಸನೆ ಹೋಗುತ್ತಿರಲಿಲ್ಲ.

ಪ್ರತಿ ವರ್ಷ ಆಯುಧಪೂಜೆಗೆ ಅಮ್ಮ ತಮ್ಮ ಕಾರಿನ ಜೊತೆಗೆ ಇದಕ್ಕೂ ಕುಂಕುಮ ಹಚ್ಚುತ್ತಿದ್ದರು, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಡುತ್ತಿದ್ದರು. ಅಮ್ಮನ ಕಾರು ತನ್ನ ಹಣ್ಣುಗಳ ಮೇಲೆ ಹತ್ತಿ ಇಳಿದು ಡ್ರೈವ್‌ವೇ ದಾಟುತ್ತಿತ್ತು. ಅಪ್ಪನದು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿರುತ್ತಿತ್ತು. ಚಕ್ರಕ್ಕೂ ಹಣ್ಣಿಗೂ ನಡುವೆ ಒಂದು ಗೇಣು ಗಾಳಿ. ಮಾರನೆಯ ದಿನ ಅಮ್ಮ ಆ ನಾಲ್ಕನ್ನೂ ಸೆರಗಿಗೆ ಹಾಕಿಕೊಂಡು ಬಂದು, ತೊಳೆದು, ಹಿಂಡಿ, ಚಿತ್ರಾನ್ನ ಕಲಸುತ್ತಿದ್ದರು. ವಿಜಯದಶಮಿಗೆ ನಮ್ಮ ಮನೆಯಲ್ಲಿ ಚಿತ್ರಾನ್ನ ಎಂಬುದು ಹಾಗೆ ಪದ್ಧತಿಯಾಯಿತು. “ಬಡಿಸ್ಕೊಳ್ಳಿ, ನಿಮ್ಮ ಕಾರಿನ ಮೈಲೇಜು” ಎಂದು ಅಮ್ಮ ಒಂದು ಸೌಟು ಹೆಚ್ಚಿಗೇ ಹಾಕುವರು. ಅಪ್ಪ ತಲೆ ತಗ್ಗಿಸಿ, ಕಡಲೆಕಾಯಿ ಬೀಜವನ್ನು ಒಂದೊಂದಾಗಿ ಹುಡುಕಿ ತಿನ್ನುವರು.

ಹೀಗೆ ಆರು ಚಿತ್ರಾನ್ನಗಳಾದವು. ಆರನೆಯ ವರ್ಷದ ಚಳಿಗಾಲದಲ್ಲಿ ಹೊರಗೆ ನಿಲ್ಲಿಸಿದ್ದ ಕಾರಿನ ಮೇಲಿಂದ ಹಿಮ ಕೆರೆಯುತ್ತಿದ್ದ ಅಮ್ಮ ಡ್ರೈವ್‌ವೇಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ದನಿ ಏರಿಸದೆ ಅಂದರು: “ಓಡೋ ಕಾರು ಹಿಮದಲ್ಲಿ, ಓಡದ ಕಾರು ಬೆಚ್ಚಗೆ ಒಳಗೆ. ಸಾಕು ಕಣ್ರೀ. ಬರೋ ಹಬ್ಬಕ್ಕೆ ಇದು ನಿಂಬೆಹಣ್ಣು ಹತ್ತಲಿಲ್ಲ ಅಂದ್ರೆ ಕೊಟ್ಟುಬಿಡೋಣ.” ಕೊಳ್ಳಲು ಪಕ್ಕದ ಮನೆಯ ವಾಲ್ಟರ್ ಇದ್ದೇ ಇದ್ದರು, ಬಸ್ ಓಡಿಸಿ ನಿವೃತ್ತರಾದವರು. ಅಪ್ಪ ಪಟ್ಟಿಯ ಹೊರಗಿದ್ದ ಅಮ್ಮನ ಬೆರಳುಗಳನ್ನು ನೋಡಿ, “ಆಯ್ತು” ಎಂದರು.

ಆ ವರ್ಷ ಒಂದು ಶನಿವಾರವೂ ತಪ್ಪಲಿಲ್ಲ. ನೆಲಕ್ಕೆ ಹೊಸ ತಗಡು ಬಂತು, ಮೈಗೆ ಮಾವಿನೆಲೆಯ ಹಸಿರು ಬಂತು. ಹಬ್ಬಕ್ಕೆ ಒಂದು ವಾರ ಇರುವಾಗ ಎಂಜಿನ್ ಮೊದಲ ಸಲ ಗುಡುಗಿ, ನಾಲ್ಕು ನಿಮಿಷ ನಡೆಯಿತು. ಅಡಿಗೆಮನೆಯ ಸ್ಟೀಲ್ ಲೋಟಗಳು ಸಣ್ಣಗೆ ಹಾಡಿದವು. ಬ್ರೇಕೂ ಸಿದ್ಧವಾದ ಮೇಲೆ ಅಪ್ಪ ಕಾರನ್ನು ಸ್ಟ್ಯಾಂಡಿನಿಂದ ಇಳಿಸಿದರು.

ಹಬ್ಬದ ಹಿಂದಿನ ದಿನ ಅಪ್ಪ ಅಮ್ಮ ಬೂದುಗುಂಬಳ, ಬಾಳೆಎಲೆ ತರಲು ಹೋಗಿದ್ದರು. ಹಬ್ಬಕ್ಕೆ ಮನೆಯ ಒಂದೊಂದು ವಸ್ತುವನ್ನೂ ಒರೆಸಿಡಬೇಕಲ್ಲ. ಗ್ಯಾರೇಜು ನನ್ನ ಪಾಲಿಗೆ ಬಂದಿತ್ತು. ನಾನು ಓದುತ್ತಿದ್ದ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಡೆಸ್ಕಿನ ಒಳಗನ್ನೂ ತೆರೆದು ನೋಡುತ್ತಿದ್ದರು. ಓರಣವೆಂದರೆ ನನಗೆ ಭಕ್ತಿ. ಬಾನೆಟ್ ಎತ್ತಿದರೆ, ಒಂದು ದುಂಡು ಮುಚ್ಚಳದಿಂದ ಹೊರಟ ಎಂಟು ಕಪ್ಪು ವೈರುಗಳು ಬಾಚದ ಕೂದಲಿನಂತೆ ಒಂದರ ಮೇಲೊಂದು ಬಿದ್ದಿದ್ದವು. ಎಂಟನ್ನೂ ಮುಚ್ಚಳದಿಂದ ಕಿತ್ತು, ಒರೆಸಿ, ಒಂದಕ್ಕೊಂದು ಅಡ್ಡ ಹಾಯದಂತೆ, ಜಡೆ ಹೆಣೆದಷ್ಟು ಚೆಂದವಾಗಿ ಮತ್ತೆ ಸಿಕ್ಕಿಸಿದೆ. ಬಾನೆಟ್ ಮುಚ್ಚಿ ಅದರ ಮೇಲೊಂದು ಸೇವಂತಿಗೆ ಇಟ್ಟೆ.

ಭಾನುವಾರ ಬೆಳಿಗ್ಗೆ ಪೂಜೆಯಾಯಿತು, ನಾಲ್ಕು ನಿಂಬೆಹಣ್ಣು ಈ ಸಲ ಚಕ್ರಗಳಿಗೆ ತಾಗಿಯೇ ಕೂತವು. ಅಪ್ಪನ ಸುತ್ತಿಗೆ, ಸ್ಪ್ಯಾನರುಗಳೆಲ್ಲ ಮಣೆಯ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು. ವಾಲ್ಟರ್ ಕಾಫಿ ಮಗ್ ಹಿಡಿದು ಡ್ರೈವ್‌ವೇಯಲ್ಲಿ ನಿಂತಿದ್ದರು. ಅಪ್ಪ ಪಂಚೆ ಎತ್ತಿ ಕಟ್ಟಿ ಕೂತು ಕೀ ತಿರುಗಿಸಿದರು. ಢಮ್! ಬಾನೆಟ್ಟಿನ ಸಂದಿಯಿಂದ ಹೊಗೆ. ಇನ್ನೊಮ್ಮೆ ತಿರುಗಿಸಿದರು. ಢಮಾರ್! ಸೇವಂತಿಗೆ ಹಾರಿ ವಾಲ್ಟರ್ ಕಾಲ ಬಳಿ ಬಿತ್ತು. ಮೂರನೆಯ ಸಲ ಅದೂ ಇಲ್ಲ, ಬರೀ ಕೆಮ್ಮು.

ಅಪ್ಪ ಇಳಿದು ಮಣೆಯ ಕಡೆ ಕೈ ಚಾಚಿದರು. “ಮುಟ್ಟಬೇಡಿ!” ಎಂದರು ಅಮ್ಮ. “ಪೂಜೆಗಿಟ್ಟಿದ್ದನ್ನ ಇವತ್ತು ಎತ್ತೋ ಹಾಗಿಲ್ಲ.”

“ನಾಳೆ ನೋಡಿದ್ರೆ ಆಗತ್ತಾ?”

“ಮಾತು ಹಬ್ಬಕ್ಕೆ ಅಂತ ಆಗಿತ್ತು.”

ನಮ್ಮ ಹಬ್ಬಗಳನ್ನು ವರ್ಷವೂ ನೋಡಿದ್ದ ವಾಲ್ಟರ್ ಮೆಲ್ಲಗೆ ಇಂಗ್ಲಿಷಿನಲ್ಲಿ, “ನನ್ನ ರೆಂಚ್ ಕೊಡ್ತೀನಿ, ಅದಕ್ಕೇನು ಪೂಜೆ ಆಗಿಲ್ಲವಲ್ಲ” ಎಂದರು. ಅಮ್ಮ ಮಣೆಯ ಕಡೆ ತೋರಿಸಿದರು. ಹೋದ ತಿಂಗಳು ಅಪ್ಪ ಎರವಲು ತಂದಿದ್ದ ವಾಲ್ಟರ್ ರೆಂಚೂ ಕುಂಕುಮ ಇಟ್ಟುಕೊಂಡು ಅಲ್ಲೇ ಮಲಗಿತ್ತು. ಯಾರೂ ನಗಲಿಲ್ಲ. ಅಪ್ಪ ಹಸಿರು ಬಾಗಿಲಿಗೆ ಒರಗಿ, ಕಾರಿಗೆ ಸಮಾಧಾನ ಹೇಳುವವರಂತೆ ಅದರ ಮೇಲೆ ಅಂಗೈ ಇಟ್ಟರು. ಆ ಅಂಗೈ ನೋಡಿದ್ದೇ ನನಗೆ ತಡೆಯಲಾಗಲಿಲ್ಲ.

“ಅಪ್ಪ, ಐ ಡಿಡ್ ಇಟ್. ವೈರೆಲ್ಲ ಕ್ಲೀನ್ ಮಾಡಿ... ನೀಟಾಗಿ ಜೋಡಿಸಿಟ್ಟೆ.”

ಅಪ್ಪ ಬಾನೆಟ್ ಎತ್ತಿ ಒಳಗೆ ಬಗ್ಗಿದರು. ಬಗ್ಗಿದವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ತಲೆ ಎತ್ತಿದಾಗ ನಗುವಿಗೆ ಕಣ್ಣಲ್ಲಿ ನೀರು. “ಪುಟ್ಟೀ, ಇದು ನಿನ್ನ ಕ್ಲಾಸಿನ ಲೈನಲ್ಲ ಕಣೇ. ಇಲ್ಲಿ ಒಂದನೇ ಸಿಲಿಂಡರ್ ಆದ್ಮೇಲೆ ಎರಡನೇದಕ್ಕೆ ಕಿಡಿ ಹೋಗಲ್ಲ. ಎಂಟಕ್ಕೂ ಅದರದರ ಸರದಿಗೇ ಹೋಗ್ಬೇಕು. ಸ್ಪ್ಯಾನರ್ ಯಾಕೆ, ಕೈ ಸಾಕು! ಬಾ, ನೀನೇ ಹಾಕು.”

ಅಪ್ಪ ಬೆರಳಿಟ್ಟು ತೋರಿಸಿದಲ್ಲಿ ನಾನು ಒಂದೊಂದೇ ವೈರು ಒತ್ತಿದೆ. ಪ್ರತಿಯೊಂದೂ ಕೂರುವಾಗ ಟಿಕ್ ಎನ್ನುತ್ತಿತ್ತು. ಎಂಟನೆಯದು ಟಿಕ್ ಎಂದ ಮೇಲೆ ಅಪ್ಪ ಹೋಗಿ ಕೀ ತಿರುಗಿಸಿದರು. ಆ ಗರ್ಜನೆ ನನ್ನ ಪಕ್ಕೆಲುಬಿನೊಳಗೇ ಹುಟ್ಟಿದಂತಾಯಿತು. ಕಿಟಕಿಯ ಗಾಜು ಜುಮ್ಮೆಂದಿತು, ಮಣೆಯ ಮೇಲಿನ ಸ್ಪ್ಯಾನರುಗಳು ಗಿಲಿಗಿಲಿ ಎಂದವು, ವಾಲ್ಟರ್ ಟೋಪಿ ತೆಗೆದರು. ಕಾರು ಮುಂದಕ್ಕೆ ಜರುಗಿತು. ಚಟ್, ಚಟ್. ಆಮೇಲೆ ಹಿಂದಿನ ಚಕ್ರಗಳದು, ಚಟ್, ಚಟ್. ಪೆಟ್ರೋಲಿನ ವಾಸನೆಯನ್ನು ಸೀಳಿಕೊಂಡು ನಿಂಬೆಯ ಘಮ ಎದ್ದಿತು. ಅಮ್ಮ ಓಡಿಬಂದು, ಕುಂಕುಮದ ಕೈಯಲ್ಲೇ ಬಾಗಿಲು ತೆಗೆದು ಅಪ್ಪನ ಪಕ್ಕ ಕೂತರು. “ಏನ್ ನೋಡ್ತೀರಿ? ಹೊರಡಿ!” ಬೀದಿಯ ಕೊನೆ ಮುಟ್ಟುವವರೆಗೂ ಅಪ್ಪ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

ಮಾರನೆಯ ದಿನ ಪಾಯಸವಿತ್ತು. ಅಪ್ಪ ಎಲೆಯನ್ನೆಲ್ಲ ನೋಡಿ, “ಸೋತಾಗ ಚಿತ್ರಾನ್ನವಾದ್ರೂ ಸಿಗ್ತಿತ್ತು” ಎಂದು ಗೊಣಗಿದರು. ಆ ಗೊಣಗಾಟ ಪ್ರತಿ ದಶಮಿಗೂ ತಪ್ಪಲಿಲ್ಲ, ಅವರು ಇರುವ ತನಕ.

ಎಡಿಸನ್ನಿನ ಮನೆ ಈಗ ನಮ್ಮದಲ್ಲ. ವಾಲ್ಟರೂ ಇಲ್ಲ. ಅಪ್ಪ ಹೋಗಿ ಮೂರು ಹಬ್ಬಗಳಾದವು. ಆದರೆ ಟ್ರಕ್ಕಿನ ಮೇಲೆ ಬಂದಿದ್ದ ಆ ಕಾರು ಆ ಗ್ಯಾರೇಜನ್ನು ಬಿಟ್ಟದ್ದು ತನ್ನ ಚಕ್ರದ ಮೇಲೇ. ಮನ್ರೋದವರೆಗೂ ನಾನೇ ಓಡಿಸಿಕೊಂಡು ಬಂದೆ, ಪಕ್ಕದಲ್ಲಿ ಅಮ್ಮ. ಆಯುಧಪೂಜೆಗೆ ಈಗಲೂ ಅದು ಒಂದೇ ಗುಡುಗಿಗೆ ಎದ್ದು ನಾಲ್ಕು ಹಣ್ಣುಗಳನ್ನೂ ಚಟ್ಟೆನಿಸಿಕೊಂಡು ಹೋಗುತ್ತದೆ. ಅಮ್ಮ ಮಾತ್ರ ಐದು ನಿಂಬೆಹಣ್ಣು ತರುತ್ತಾರೆ. ಯಾವ ಚಕ್ರಕ್ಕೂ ಇಡದ ಆ ಐದನೆಯದನ್ನು ಮಾರನೆಯ ದಿನ ಹಿಂಡಿ, ಒಂದೇ ಒಂದು ಬಟ್ಟಲು ಚಿತ್ರಾನ್ನ ಕಲಸುತ್ತಾರೆ. ಕಡಲೆಕಾಯಿ ಬೀಜ ಸ್ವಲ್ಪ ಹೆಚ್ಚಿಗೇ ಹಾಕುತ್ತಾರೆ.