ಬೆರಳಿಗೆ ಹಚ್ಚಿದ ಎಣ್ಣೆ

ಶರಣಮ್ಮಕ್ಕಾ, ನಿಮ್ಮ ಚಿನ್ನಿಯನ್ನು ನಾಯಿ ಒಯ್ದಿರಲಿಲ್ಲ. ಆ ಬೆಕ್ಕಿನ ಮರಿಯನ್ನು ಕೊಂದವಳು ನಾನು — ನಿಮ್ಮ ಪಕ್ಕದ ಮನೆಯವಳು, ಇಷ್ಟು ವರ್ಷ ನಿಮ್ಮ ಕೈಯ ಚಹಾ ಕುಡಿದವಳು.

ಆಗ ನಮ್ಮ ಕೋಣೆಯಲ್ಲಿ ಇಲಿಗಳು ಜೋಳದ ಚೀಲ ಕಡಿಯುತ್ತಿದ್ದವು. ಶಹಾಬಾದಿನ ಬಜಾರಿನಿಂದ ಇಲಿ ಹಿಡಿಯುವ ಅಂಟಿನ ರಟ್ಟು ತಂದೆ. ಪುಸ್ತಕದ ಹಾಗೆ ಬಿಚ್ಚಿ ಫರ್ಸಿಕಲ್ಲಿನ ನೆಲದ ಮೇಲಿಟ್ಟೆ. ವಿಷವಿಲ್ಲ, ರಕ್ತವಿಲ್ಲ — ಎಷ್ಟು ಸ್ವಚ್ಛ ಎಂದುಕೊಂಡಿದ್ದೆ.

ಮರುದಿನ ಮಧ್ಯಾಹ್ನ ನೋಡಿದರೆ ಒಂದು ಇಲಿಮರಿ ಅಂಟಿಕೊಂಡಿತ್ತು. ಅದನ್ನು ಹಿಡಿಯಲು ಬಂದ ಚಿನ್ನಿಯೂ. ಕಾಲುಗಳು, ಹೊಟ್ಟೆ, ಒಂದು ಕೆನ್ನೆ, ಆ ಬದಿಯ ಮೀಸೆ. ಜಗ್ಗಿ ಜಗ್ಗಿ ಹೊಟ್ಟೆಯ ಚರ್ಮ ಕಿತ್ತಿತ್ತು. ನನ್ನನ್ನು ಕಂಡು ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಒಮ್ಮೆ ಎಳೆದು ನೋಡಿದೆ — ಅದರ ನಡುಕ ನನ್ನ ಕೈಗೆ ಬಂತು — ಬಿಟ್ಟೆ. ರಟ್ಟಿನ ಸಮೇತ ಕ್ಯಾರಿಬ್ಯಾಗಿಗೆ ಹಾಕಿ, ಗಂಟು ಕಟ್ಟಿ, ಓಣಿಯ ತುದಿಯ ತಿಪ್ಪೆಗೆ ಎಸೆದೆ. ಚೀಲ ಇನ್ನೂ ಅಲುಗುತ್ತಿತ್ತು. ಅದನ್ನೂ ನೋಡಿದೆ.

ಸಂಜೆ ನೀವು ಹಾಲಿನ ಬಟ್ಟಲು ಹಿಡಿದು ಬಂದಿರಿ. "ನಮ್ಮ ಚಿನ್ನಿ ಈ ಕಡಿ ಬಂದಿತ್ತೇನ್ ತಂಗಿ?"

"ಇಲ್ರೀ ಅಕ್ಕಾ."

ಕಾನ್ವೆಂಟಿನಲ್ಲಿ ಕಲಿಸಿದ ಮೆಲುದನಿ ಸುಳ್ಳಿಗೂ ಒದಗಿತು.

"ಬಾಗಲಾ ನಾನೇ ತೆರದ ಇಟ್ಟಿದ್ದೆ. ನಾಯಿ ಒಯ್ತು ಕಾಣತದ. ನನ್ನದೇ ತಪ್ಪು" ಎಂದಿರಿ. ಅಂದಿನಿಂದ ನೀವು ಹೊರಡುವಾಗೆಲ್ಲ ಚಿಲಕ ಹಾಕಿ, ಮತ್ತೆ ಹಿಂದಿರುಗಿ ಎಳೆದು ನೋಡುತ್ತೀರಿ. ಆ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತದೆ —

ನಿಮಗೆ ನಿಜ ಹೇಳಲಾಗಲಿಲ್ಲ, ಸುಮ್ಮನಿರಲೂ ಆಗಲಿಲ್ಲ. ಅಂಗಡಿ ಅಂಗಡಿಗೆ ಹೋಗಿ ಆ ರಟ್ಟು ಮಾರಬೇಡಿ ಎನ್ನತೊಡಗಿದೆ. ಪಾಪ, ಮೂಕ ಜೀವಗಳು ಎಂದು ನೀವೂ ಜೊತೆಗೆ ಬಂದಿರಿ. ಮೊನ್ನೆ ಒಬ್ಬ ಅಂಗಡಿಯವ ನಕ್ಕ: "ಅಕ್ಕಾರ, ಇಲಿಗಿ ಚಾದರ ಹೊಚ್ಚಿ ಮಲಗಸ್ಲೇನ್ರಿ?"

"ಮೊದಲ ನಿನ್ನ ಮೀಸಿ ಇದ್ರಾಗ ಇಟ್ಟ ನೋಡು ತಮ್ಮಾ, ಆಮ್ಯಾಲ ನಗು" ಎಂದಿರಿ ನೀವು.

ಅಲ್ಲಿದ್ದ ಹೆಂಗಸರಿಗೆ ನಾನು ಹೇಳಿದೆ: ಪ್ರಾಣಿ ಅಂಟಿಕೊಂಡರೆ ಜಗ್ಗಬೇಡಿ, ಅಡುಗೆ ಎಣ್ಣೆ ಹಚ್ಚಿ, ಮೆಲ್ಲಗೆ ಬಿಡುತ್ತದೆ. ಬರುವ ದಾರಿಯಲ್ಲಿ ನೀವು ಕೇಳಿದಿರಿ, "ಇದು ನಿನಗ ಹ್ಯಾಂಗ ಗೊತ್ತಾತು?"

"ಯಾರೋ ಹೇಳಿದ್ರು" ಎಂದೆ.

ಯಾರೂ ಹೇಳಿರಲಿಲ್ಲ, ಅಕ್ಕಾ. ಅಂದು ತಿಪ್ಪೆಯಿಂದ ಬಂದಾಗ ನನ್ನ ಬೆರಳುಗಳೂ ಒಂದಕ್ಕೊಂದು ಅಂಟಿದ್ದವು. ಸಾಬೂನಿಗೆ ಹೋಗಲಿಲ್ಲ. ಒಲೆಯ ಪಕ್ಕದ ಶೇಂಗಾ ಎಣ್ಣೆ ಹಚ್ಚಿ ತಿಕ್ಕಿದೆ. ಸಲೀಸಾಗಿ ಬಿಟ್ಟಿತು, ಚಿನ್ನಿಯ ಬಿಳಿ ಕೂದಲ ಸಮೇತ. ಆಗಲೇ ತಿಳಿಯಿತು. ತಿಪ್ಪೆ ದೂರವಿರಲಿಲ್ಲ. ಎಣ್ಣೆಯ ಡಬ್ಬಿ ಕೈಯಲ್ಲೇ ಇತ್ತು. ಹೋಗಲಿಲ್ಲ — ಯಾರಾದರೂ ನೋಡಿದರೆ... ಅಷ್ಟೇ. ಬೆರಳು ಒರೆಸಿಕೊಂಡು ರೊಟ್ಟಿಗೆ ಹಿಟ್ಟು ನಾದಿದೆ.

ಬೇರೆ ಯಾರೂ ಇದನ್ನು ಓದುವ ಮೊದಲು ನಿಮ್ಮೆದುರು ಕುಳಿತು ಬಾಯಿಬಿಟ್ಟು ಹೇಳುತ್ತೇನೆ. ಮುಂದೆ ಅಂಗಡಿಗಳಿಗೆ ನನ್ನ ಜೊತೆ ಬರುವುದು, ಬಿಡುವುದು ನಿಮಗೆ ಬಿಟ್ಟದ್ದು. ನಾನು ಹೋಗುತ್ತೇನೆ, ಎಣ್ಣೆಯ ವಿಷಯ ಹೇಗೆ ತಿಳಿಯಿತೆಂದು ಕೇಳಿದವರಿಗೆ ಇದನ್ನೇ ಹೇಳುತ್ತೇನೆ.

ಅಂದು ನಿಮ್ಮ ಬಾಗಿಲು ತೆರೆದಿದ್ದದ್ದು ತಪ್ಪಲ್ಲ, ಅಕ್ಕಾ.