ಕತ್ತರಿ ಹಾಕುವ ಮುನ್ನ ಕೇಳುವ ಪರಮೇಶ್ವರಿ

ಹೊನ್ನಾವರ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪರಮೇಶ್ವರಿ ನಾಯ್ಕ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ದೇವರ ಪಟಕ್ಕೆ ಕೈ ಮುಗಿದು ಕೂರುವಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ನಿಂತಿದ್ದಾರೆ. ಮಾವಿನಕುರ್ವೆಯ ವಿನುತಾ ಮತ್ತು ಅವಳ ತಾಯಿ ದುರ್ಗ. ಮಗಳ ಕೈಯಲ್ಲಿ ನೀಲಿ ಬಟ್ಟೆ.

“ಅಕ್ಕಾ, ನಾಳೆಗೆ ಯೂನಿಫಾರ್ಮ್ ಆಗ್ಬೇಕು. ಮಂಗಳೂರು ಆಸ್ಪತ್ರೆಲಿ ನಂಗೆ ಕೆಲ್ಸ ಸಿಕ್ತು.”

“ಒಳ್ಳೇದಾತು. ಯಾರು ಕರೆದ್ರು?”

“ಫೋನಲ್ಲೇ. ಮಧ್ಯಾಹ್ನದೊಳಗೆ ಠೇವಣಿ ಕಟ್ಬೇಕು ಅಂದ್ರು.”

ಅದಕ್ಕಾಗಿ ಅಡವಿಡಲು ದುರ್ಗ ತಮ್ಮ ಕಿವಿಯ ಬೆಂಡೋಲೆ ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಾರೆ.

ಪರಮೇಶ್ವರಿ ಬಟ್ಟೆಯನ್ನು ಮಡಚಿ ಪಕ್ಕಕ್ಕಿಡುತ್ತಾರೆ. ಹೊಸ ಕೆಲಸದ ಸಮವಸ್ತ್ರ ಬಂದರೆ, ಆ ಕೆಲಸ ನಿಜವೆಂದು ತಮ್ಮ ಕಿವಿಯಲ್ಲಿ ಕೇಳುವ ತನಕ ಅವರು ಕತ್ತರಿ ಹಾಕುವುದಿಲ್ಲ. ಭಟ್ಕಳ, ಕುಮಟಾ ಕಡೆಯಿಂದಲೂ ಜನ ಬರುತ್ತಾರೆ. ಕೆಲವರು ಬೈದು ಬೇರೆ ಅಂಗಡಿಗೆ ಹೋಗುವುದುಂಟು. ಹಣ ಕಳಿಸಿ ಮೋಸಹೋದವರೂ ಬರುತ್ತಾರೆ. ಅಂಥವರಿಂದ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಜೊತೆಗೇ ಪೊಲೀಸ್ ಠಾಣೆಗೆ ನಡೆಯುತ್ತಾರೆ. ಆ ದಿನದ ಹೊಲಿಗೆ ಅಲ್ಲಿಗೆ ನಿಲ್ಲುತ್ತದೆ.

ಪತಿ ದೇವಪ್ಪ ಗಾರೆ ಕೆಲಸದವರು. ದುಬೈಯಲ್ಲಿ ಕೆಲಸವೆಂದು ನಂಬಿಸಿದ ಏಜೆಂಟನೊಬ್ಬ ಅವರನ್ನು ಮುಂಬೈವರೆಗೆ ಕರೆಸಿಕೊಂಡು, ಹಣದೊಂದಿಗೆ ಮಾಯವಾದ. ಮರಳಿ ಬಂದವರು ಮತ್ತೆ ಪೇಟೆಗೆ ಹೋಗಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ಮೂಲೆ ಹಿಡಿದವರು ಅಲ್ಲೇ ತೀರಿಕೊಂಡರು. “ನಾವ್ಯಾರೂ ಒಂದು ಮಾತು ಅಂದಿಲ್ಲ. ಕಳ್ಳ ಆರಾಮಿದ್ದ, ನಾಚಿಕೆ ಇವ್ರಿಗಾತು,” ಎನ್ನುತ್ತಾರೆ ಪರಮೇಶ್ವರಿ. ಹೋದವರ ಮಾತು ಬಂದಾಗ ಮನುಷ್ಯನ ಕೈ ಏನಾದರೂ ಕೆಲಸ ಹುಡುಕುತ್ತದೆ. ಅವರು ಸೂಜಿಗೆ ದಾರ ಪೋಣಿಸುತ್ತಾರೆ.

ದುರ್ಗ ಬಗ್ಗುವವರಲ್ಲ. “ನಾವು ಸುಮ್ನೆ ಬಂದದ್ದಲ್ಲ. ಊರ ದೇವ್ರ ಹತ್ರ ಪ್ರಸಾದ ಕೇಳಿದ್ದೆ. ಹೂವು ಬಲಕ್ಕೇ ಬಿತ್ತು, ಒಪ್ಪಿಗೆ ಆತು. ನೀ ದೇವ್ರಿಗಿಂತ ದೊಡ್ಡವಳಾ?”

“ಅಯ್ಯೋ, ಅಲ್ಲ ಮಾರಾಯ್ತಿ. ನೀವು ಕೇಳಿದ್ದು ಎಂತ?”

“ಮಗಳು ಕೆಲ್ಸಕ್ಕೆ ಹೋಗ್ಬಹುದಾ ಅಂತ.”

“ದೇವ್ರು ಹೋಗ್ಲಿ ಅಂದ. ಸರಿಯೇ ಅಂದ. ಈ ಫೋನಿನವ ಸಾಚಾನಾ ಅಂತ ಕೇಳಿದ್ರಾ? ಅದು ನಾವು ವಿಚಾರಿಸ್ಕಣಬೇಕು. ಎಲ್ಲಾ ದೇವ್ರ ತಲೆ ಮೇಲೇ ಹಾಕೂದಾ?”

ವಿನುತಾ ಫಕ್ಕನೆ ನಗುತ್ತಾಳೆ. ದುರ್ಗ ನಗುವುದಿಲ್ಲ.

ತನ್ನ ತಾಯಿಗೆ ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡಿಸಿದ ಪಕ್ಕದ ಹೋಟೆಲಿನ ದಾಸ ಔಷಧದ ಚೀಟಿ ತಂದುಕೊಡುತ್ತಾನೆ. ಕರೆ ಬಂದ ನಂಬರಿಗಲ್ಲ, ಆ ಚೀಟಿಯಲ್ಲಿ ಅಚ್ಚಾದ ನಂಬರಿಗೆ ವಿನುತಾಳಿಂದ ಫೋನ್ ಮಾಡಿಸುತ್ತಾರೆ ಪರಮೇಶ್ವರಿ. “ನಿಮ್ಮ ಹೆಸರಿನವರನ್ನು ನಾವು ತೆಗೆದುಕೊಂಡಿಲ್ಲಮ್ಮ. ಕೆಲಸಕ್ಕೆ ಹಣ ಕೇಳುವ ಕ್ರಮವೂ ಇಲ್ಲ,” ಎನ್ನುತ್ತದೆ ಆಚೆಯ ದನಿ.

ವಿನುತಾಳ ಕಣ್ಣು ತುಂಬುತ್ತದೆ. ದುರ್ಗ ಸೆರಗಿನ ಗಂಟು ಬಿಚ್ಚಿ ಬೆಂಡೋಲೆ ಹಾಕಿಕೊಳ್ಳಲು ನೋಡುತ್ತಾರೆ. ತಿರುಪು ಕೂರುವುದಿಲ್ಲ. ಪರಮೇಶ್ವರಿ ಎದ್ದು ತಾವೇ ಬಿಗಿಯುತ್ತಾರೆ.

“ಕೇರಿಗೆಲ್ಲ ಹೇಳಾಗಿದೆ. ಈಗ ಎಂತ ಹೇಳೂದು?” ವಿನುತಾಳ ಅಳು ನಿಂತಿಲ್ಲ.

“ಕಳ್ಳ ಬಂದಿದ್ದ, ತಪ್ಪಿಸ್ಕಂಡೆ ಅನ್ನು. ಅದೆಂತ ಸಣ್ಣ ಸುದ್ದಿಯಾ?”

ತಾಯಿ ಮಗಳು ಚಾ ಕುಡಿದು ಹೊರಡುತ್ತಾರೆ. ನಿಮ್ಮ ಆಸೆ ಏನೆಂದು ಕೇಳಿದರೆ ಪರಮೇಶ್ವರಿ ಚಾ ಲೋಟಗಳನ್ನು ಎತ್ತಿಡುತ್ತಾರೆ.

“ನನ್ನತ್ರಲೇ ಬರ್ಬೇಕು ಅಂತಿಲ್ಲ. ದುಡ್ಡು ಕಳ್ಸೂಕೆ ಮುಂಚೆ ಯಾರಾದ್ರೂ ಒಬ್ರ ಹತ್ರ ಬಾಯಿ ಬಿಟ್ಟು ಹೇಳ್ಲಿ. ಕಳ್ಸಿ ಆದ್ಮೇಲಾದ್ರೂ ಹೇಳ್ಲಿ. ನಮ್ಮನೆಯವ್ರು ಆಗ ಹೇಳಿದ್ದಿದ್ರೆ, ಇವತ್ತು ಈ ಬಾಗ್ಲಲ್ಲಿ ಕೂತು ‘ನಂಗೆ ಚಾ ಇಲ್ವನೇ?’ ಅಂತ ಕೇಳ್ತಿದ್ರು.”